ಗುಬ್ಬಿಯ ಎರಡು ವರ್ಷಗಳು: ವಿಲಿಯಂ ಆರ್ಥರ್ ಬದುಕಿನ ಒಂದು ಮರುಓದು

ಪ್ರವೇಶ

ಕನ್ನಡ ನಾಡಿನ ಹತ್ತೊಂಬತ್ತನೆಯ ಶತಮಾನದ ಸಾಂಸ್ಕೃತಿಕ ಚರಿತ್ರೆಯನ್ನು ಕುರಿತು ಬರೆಯುವಾಗ ಕ್ರೈಸ್ತ ಮಿಶನರಿಗಳ ಕೊಡುಗೆಯನ್ನು ಗುರುತಿಸುವುದು ಒಂದು ರೂಢಿಯೇ ಆಗಿದೆ. ಮಂಗಳೂರಿನ ಬಾಸೆಲ್ ಮಿಶನ್ ಮತ್ತು ಬಳ್ಳಾರಿಯ ಲಂಡನ್ ಮಿಶನ್ ಬಗೆಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಮೋಗ್ಲಿಂಗ್, ಕಿಟ್ಟೆಲ್, ಹ್ಯಾಂಡ್ಸ್, ರೀವ್ ಮೊದಲಾದವರ ಹೆಸರುಗಳು ನಮ್ಮ ವಿದ್ವತ್ ವಲಯಕ್ಕೆ ಚಿರಪರಿಚಿತ. ಇವರೆಲ್ಲರೂ ದೀರ್ಘಕಾಲ ಇಲ್ಲಿ ನೆಲೆಸಿ, ನಿಘಂಟು, ವ್ಯಾಕರಣ, ಪತ್ರಿಕೆ, ಅನುವಾದ ಎಂದು ಕೈಯಲ್ಲಿ ಹಿಡಿದು ತೋರಿಸಬಹುದಾದ ಫಲಗಳನ್ನು ಬಿಟ್ಟುಹೋದವರು. ಹೀಗೆ ಫಲದಿಂದಲೇ ವ್ಯಕ್ತಿಯನ್ನು ಅಳೆಯುವ ಕ್ರಮದಲ್ಲಿ ಇನ್ನೊಂದು ಬಗೆಯ ಬದುಕು ನಮ್ಮ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅಲ್ಪಕಾಲ ಇಲ್ಲಿದ್ದು, ಹೇಳಿಕೊಳ್ಳುವಂತಹ ಕನ್ನಡ ಕೃತಿ ಯಾವುದನ್ನೂ ರಚಿಸದೆ, ಆದರೆ ಇಲ್ಲಿ ಕಲಿತದ್ದನ್ನು ಬೇರೆಲ್ಲೋ ಬಿತ್ತಿದವರ ಬದುಕು ಅದು.

ವಿಲಿಯಂ ಆರ್ಥರ್ (1819-1901) ಅಂತಹ ವ್ಯಕ್ತಿ. ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಸಭೆಯ ಚರಿತ್ರೆಯಲ್ಲಿ ಈತನದು ಮೊದಲ ಸಾಲಿನ ಹೆಸರು. ಮಿಶನರಿ ಸಂಸ್ಥೆಯ ಕಾರ್ಯದರ್ಶಿ, ಸಭೆಯ ಅಧ್ಯಕ್ಷ, ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮೊದಲ ಮುಖ್ಯಸ್ಥ, ಬೋಧಕರು ದಶಕಗಳ ಕಾಲ ಕೈಬಿಡದೆ ಓದಿದ ಭಕ್ತಿಗ್ರಂಥವೊಂದರ ಕರ್ತೃ ಎಂದು ಆತ ಖ್ಯಾತನಾಗಿದ್ದಾನೆ. ಈ ಖ್ಯಾತಿಯ ಹಿಂದೆ ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಕಳೆದ ಸುಮಾರು ಎರಡು ವರ್ಷಗಳಿವೆ. ಆ ಎರಡು ವರ್ಷಗಳು ಹೊರನೋಟಕ್ಕೆ ಅಪೂರ್ಣವಾದವು. ಆದರೆ ಆತನ ಮುಂದಿನ ಅರ್ಧ ಶತಮಾನದ ಕೆಲಸದ ಸ್ವರೂಪವನ್ನು ಅರಿಯಲು ಅವೇ ಮುಖ್ಯವಾದವು. ಬೋಧಿಸಲು ಬಂದವನು ಮೊದಲು ಕಲಿಯಬೇಕಾಯಿತು ಎಂಬ ಸಂಗತಿಯೇ ಅವುಗಳ ಸಾರ. ಈ ನೆಲೆಯಿಂದ ಆರ್ಥರ್‌ನ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟು ಮತ್ತು ತರಬೇತಿ

ಆರ್ಥರ್ ಹುಟ್ಟಿದ್ದು 1819ರ ಫೆಬ್ರವರಿ 3ರಂದು, ಐರ್ಲೆಂಡಿನ ಉತ್ತರಭಾಗದ ಆಂಟ್ರಿಮ್ ಪ್ರಾಂತದ ಕೆಲ್ಸ್ ಎಂಬಲ್ಲಿ. ಕುಟುಂಬವು ಮುಂದೆ ಪಶ್ಚಿಮ ಕರಾವಳಿಯ ಮೇಯೊ ಪ್ರಾಂತದ ವೆಸ್ಟ್‌ಪೋರ್ಟ್ ಪಟ್ಟಣಕ್ಕೆ ಹೋಗಿ ನೆಲೆಸಿತು. ತಂದೆತಾಯಿಗಳು ಪ್ರೆಸ್ಬಿಟೇರಿಯನ್ ಪಂಥದವರು. ಬಾಲಕನಿಗೆ ಸಿಕ್ಕಿದ್ದು ಆಂಗ್ಲಿಕನ್ ಸಭೆಯ ಧಾರ್ಮಿಕ ಶಿಕ್ಷಣ. ಹದಿನಾರರ ಹರೆಯದಲ್ಲಿ ಆತ ಒಪ್ಪಿಕೊಂಡದ್ದು ಮೆಥಡಿಸ್ಟ್ ಮಾರ್ಗವನ್ನು. ನಿಗದಿತ ವಯಸ್ಸು ತುಂಬುವ ಮೊದಲೇ ಬೋಧಕನಾಗಲು ಮುಂದಾದವನು ಈತ.

ಈ ಪರಿಸರದ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಮೇಯೊ ಪ್ರಾಂತದ ಬಹುಸಂಖ್ಯಾತ ಜನ ಕ್ಯಾಥೊಲಿಕರು. ಅವರಲ್ಲಿ ಬಹುಪಾಲಿನವರ ಮನೆಮಾತು ಐರಿಷ್, ಆಡಳಿತದ ಮಾತು ಇಂಗ್ಲಿಷ್. ಐರ್ಲೆಂಡಿನ ಮೆಥಡಿಸ್ಟ್ ಬೋಧಕರಲ್ಲಿ ಗಿಡಿಯನ್ ಔಸ್ಲಿ ಎಂಬಾತ ಕುದುರೆಯ ಮೇಲೆ ಕುಳಿತೇ ಸಂತೆ ಜಾತ್ರೆಗಳಲ್ಲಿ ಜನರ ಐರಿಷ್ ಭಾಷೆಯಲ್ಲಿ ಬೋಧಿಸಿ ಹೆಸರಾಗಿದ್ದ. ಆತ ತೀರಿಕೊಂಡದ್ದು 1839ರಲ್ಲಿ, ಆರ್ಥರ್ ಭಾರತಕ್ಕೆ ಹೊರಟ ವರ್ಷದಲ್ಲಿಯೇ. ಆಳುವವರ ಭಾಷೆ ಬೇರೆ, ಜನರ ಭಾಷೆ ಬೇರೆ ಎಂಬ ಸ್ಥಿತಿಯೂ, ಬೋಧನೆಗೆ ಸಂತೆಯೇ ತಕ್ಕ ಸ್ಥಳವೆಂಬ ನಂಬಿಕೆಯೂ ಐರಿಷ್ ಮೆಥಡಿಸ್ಟನೊಬ್ಬನಿಗೆ ಹೊಸತಾಗಿರಲಿಲ್ಲ.

1837ರಿಂದ 1839ರವರೆಗೆ ಆತ ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ವೆಸ್ಲಿಯನ್ ದೈವಶಾಸ್ತ್ರ ವಿದ್ಯಾಲಯದಲ್ಲಿ ಓದಿದ. ಈ ವಿದ್ಯಾಲಯ ಆರಂಭವಾಗಿದ್ದುದು 1834ರಲ್ಲಿ. ಅದಕ್ಕೆ ಮೊದಲು ವೆಸ್ಲಿಯನ್ನರಲ್ಲಿ ಬೋಧಕರಿಗೆ ವಿದ್ಯಾಲಯದ ತರಬೇತಿಯೆಂಬುದು ಇರಲಿಲ್ಲ. ಹಿರಿಯ ಬೋಧಕನ ಜೊತೆಯಲ್ಲಿ ಊರೂರು ಸುತ್ತಿ ಕಲಿಯುವುದೇ ಕ್ರಮವಾಗಿತ್ತು. ದೈವದ ಕರೆಯಿಂದ ಬರುವ ಶಕ್ತಿಯನ್ನು ಪಾಠಶಾಲೆಯಲ್ಲಿ ಕಲಿಸಲು ಬರುತ್ತದೆಯೇ ಎಂಬ ಆಕ್ಷೇಪ ಆ ಸಭೆಯೊಳಗೆ ಪ್ರಬಲವಾಗಿತ್ತು; ವಿದ್ಯಾಲಯದ ಸ್ಥಾಪನೆಯೇ ಒಡಕಿಗೂ ಕಾರಣವಾಯಿತು. ಪ್ರಾರ್ಥನೆಯೋ ತರಬೇತಿಯೋ ಎಂಬ ಈ ಪ್ರಶ್ನೆ ಆರ್ಥರ್‌ನನ್ನು ಜೀವನದುದ್ದಕ್ಕೂ ಹಿಂಬಾಲಿಸಿತು. 1839ರ ಏಪ್ರಿಲ್‌ನಲ್ಲಿ ಆತ ಭಾರತಕ್ಕೆ ಹಡಗು ಹತ್ತಿದಾಗ ವಯಸ್ಸು ಇಪ್ಪತ್ತು.

1839ರ ಗುಬ್ಬಿ

ಆರ್ಥರ್ ಬಂದ ಕಾಲದ ಮೈಸೂರಿನ ಸ್ಥಿತಿಯನ್ನು ಸಂಕ್ಷಿಪ್ತವಾಗಿ ನೆನೆಯಬೇಕು. ನಗರದ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡಿದ್ದರು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ. ತುಮಕೂರು ಆಗ ಚಿತ್ರದುರ್ಗ ವಿಭಾಗಕ್ಕೆ ಸೇರಿತ್ತು. ಆ ವಿಭಾಗದ ಅಧಿಕಾರಿಯಾಗಿದ್ದವನು ಐರ್ಲೆಂಡ್ ಮೂಲದ ಡಾಬ್ಸ್. ತುಮಕೂರು ರಸ್ತೆಯ ಡಾಬಸ್‌ಪೇಟೆ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಈಸ್ಟ್ ಇಂಡಿಯಾ ಕಂಪನಿಯ 1813 ಮತ್ತು 1833ರ ಸನದುಗಳು ಮಿಶನರಿಗಳ ಪ್ರವೇಶವನ್ನು ಸುಲಭಗೊಳಿಸಿದ್ದವು. ಮಿಶನರಿಯ ವೈಯಕ್ತಿಕ ಉದ್ದೇಶ ಏನೇ ಇದ್ದರೂ ಆತ ನಿಂತ ನೆಲ ಆಳುವವರ ರಕ್ಷಣೆಯಲ್ಲಿತ್ತು ಎಂಬುದನ್ನು ಮರೆಯಲಾಗದು.

ವೆಸ್ಲಿಯನ್ನರು ಬೆಂಗಳೂರಿಗೆ ಬಂದದ್ದು 1821ರಲ್ಲಿ, ಎಲಿಜಾ ಹೂಲ್ ಮತ್ತು ಜೇಮ್ಸ್ ಮೌವಟ್ ಅವರ ಮೂಲಕ. ಆದರೆ ಮೊದಲ ಹಂತದ ಕೆಲಸ ಹೆಚ್ಚಾಗಿ ದಂಡು ಪ್ರದೇಶದ ತಮಿಳರ ನಡುವೆ ನಡೆಯಿತು. ಕನ್ನಡ ಜನರ ಕಡೆ ಗಮನ ಹರಿದದ್ದು 1830ರ ದಶಕದ ನಡುಭಾಗದಲ್ಲಿ. ಇದಕ್ಕೆ ಮುಖ್ಯ ಕಾರಣನಾದವನು ಥಾಮಸ್ ಹಾಡ್ಸನ್. ದಂಡಿನಿಂದಲೂ ರಾಜಧಾನಿಯಿಂದಲೂ ದೂರವಾದ, ಕನ್ನಡವಲ್ಲದೆ ಬೇರೆ ಮಾತು ನಡೆಯದ ಊರೊಂದರಲ್ಲಿ ಠಾಣೆ ಇರಬೇಕೆಂದು ಆತ 1837ರಲ್ಲಿ ಗುಬ್ಬಿಯನ್ನು ಆರಿಸಿಕೊಂಡ. ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿ ಆ ಸೀಮೆಯ ದೊಡ್ಡ ವ್ಯಾಪಾರಸ್ಥಳ. ಮಲೆನಾಡಿನ ಅಡಕೆ, ಸುತ್ತಲಿನ ಕೊಬ್ಬರಿ, ಬಟ್ಟೆ, ಧಾನ್ಯಗಳು ಕೈಬದಲಾಗುತ್ತಿದ್ದ ಊರು. ವಾರದ ಸಂತೆಗೆ ನೂರಾರು ಹಳ್ಳಿಗಳ ಜನ ಸೇರುತ್ತಿದ್ದರು. ಬೋಧಕನಿಗೆ ಊರೂರು ಅಲೆಯದೆಯೇ ಒಂದು ಸೀಮೆಯ ಜನರೊಡನೆ ಮಾತನಾಡುವ ಅವಕಾಶವನ್ನು ಸಂತೆ ಒದಗಿಸುತ್ತಿತ್ತು.

ಆದರೆ ಗುಬ್ಬಿ ಬರಿಯ ವ್ಯಾಪಾರಸ್ಥಳವಾಗಿರಲಿಲ್ಲ. ಭಾವಚಿಂತಾರತ್ನ ಮತ್ತು ವೀರಶೈವಾಮೃತ ಪುರಾಣಗಳ ಕರ್ತೃ ಮಲ್ಲಣಾರ್ಯ ಹದಿನಾರನೆಯ ಶತಮಾನದಲ್ಲಿ ಬಾಳಿದ್ದು ಇದೇ ಊರಿನಲ್ಲಿ. ಶೂನ್ಯಸಂಪಾದನೆಯ ಪರಿಷ್ಕರಣಕಾರರಲ್ಲಿ ಒಬ್ಬನಾದ ಸಿದ್ಧವೀರಣ್ಣೊಡೆಯನ ಗೂಳೂರು ತುಮಕೂರಿನ ಪಕ್ಕದಲ್ಲಿದೆ. ಕುಣಿಗಲ್ ಸೀಮೆಯ ಯಡೆಯೂರು ತೋಂಟದ ಸಿದ್ಧಲಿಂಗಯತಿಗಳ ಐಕ್ಯಸ್ಥಳ. ನೂರೊಂದು ವಿರಕ್ತರ ಪರಂಪರೆಯ ನಂತರ ವಚನಗಳ ಸಂಕಲನ, ವ್ಯಾಖ್ಯಾನ, ಪ್ರವಚನಗಳಿಗೆ ಹೊಸ ಹುರುಪು ಬಂದದ್ದು ಸಿದ್ಧಲಿಂಗಯತಿಗಳಿಂದ ಮತ್ತು ಅವರ ಶಿಷ್ಯರಿಂದ. ಊರೂರು ಸಂಚರಿಸುವ ಜಂಗಮ, ಶಿಷ್ಯರನ್ನು ತಿದ್ದುವ ಗುರು, ಮಠದಲ್ಲಿ ನಡೆಯುವ ಪಾಠ ಪ್ರವಚನ ಇವೆಲ್ಲವೂ ಈ ನೆಲದಲ್ಲಿ ಶತಮಾನಗಳಿಂದ ಬೇರೂರಿದ್ದ ಸಂಸ್ಥೆಗಳು. ಅಂದರೆ, ಬೋಧಕರನ್ನು ಸಿದ್ಧಪಡಿಸುವ ಕ್ರಮ ತಿಳಿಯದ ನೆಲಕ್ಕೆ ಆರ್ಥರ್ ಬರಲಿಲ್ಲ. ತನ್ನದೇ ಕ್ರಮದಲ್ಲಿ ಅದನ್ನು ಪಕ್ವಗೊಳಿಸಿಕೊಂಡಿದ್ದ ನೆಲಕ್ಕೆ ಬಂದ. ಮಿಶನರಿ ಬರಹಗಳು ಸಾಮಾನ್ಯವಾಗಿ ಕಟ್ಟಿಕೊಡುವ ಅಜ್ಞಾನದ ಚಿತ್ರವನ್ನು ಓದುವಾಗ ಈ ಹಿನ್ನೆಲೆ ನಮ್ಮ ಮನಸ್ಸಿನಲ್ಲಿರಬೇಕು.

ಬೋಧಕನ ಕಲಿಕೆ

ಗುಬ್ಬಿಯಲ್ಲಿ ಆರ್ಥರ್‌ನ ಮೊದಲ ಕೆಲಸ ಬೋಧನೆಯಲ್ಲ, ಕನ್ನಡದ ಕಲಿಕೆ. ಆ ವೇಳೆಗೆ ಯೂರೋಪಿಯನ್ನನೊಬ್ಬನಿಗೆ ದೊರೆಯುತ್ತಿದ್ದ ಸಾಮಗ್ರಿ ಬಹಳ ಕಡಿಮೆ. ವಿಲಿಯಂ ಕೇರಿಯ ವ್ಯಾಕರಣ (1817), ಮೆಕೆರೆಲ್‌ನ ವ್ಯಾಕರಣ (1820), ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು (1832), ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಬೈಬಲ್ ಅನುವಾದ ಇವಿಷ್ಟೇ ಮುಖ್ಯವಾದವು. ಹಾಡ್ಸನ್‌ನ ಸ್ವಂತ ಕನ್ನಡ ವ್ಯಾಕರಣ ಪ್ರಕಟವಾದದ್ದು ಎರಡು ದಶಕಗಳ ಅನಂತರ, 1859ರಲ್ಲಿ. ಹೀಗಾಗಿ ಗ್ರಂಥಗಳಿಗಿಂತ ಜನರೇ ಆಗಿನ ಕಲಿಕೆಯ ಆಕರ. ಬಳ್ಳಾರಿಯ ಬೈಬಲ್ ಕನ್ನಡ, ಸಂಸ್ಕೃತಭೂಯಿಷ್ಠವಾದ ಪಂಡಿತರ ಕನ್ನಡ, ಸಂತೆಗೆ ಬರುವ ಒಕ್ಕಲಿಗರು ವ್ಯಾಪಾರಿಗಳ ಕನ್ನಡ ಇವು ಒಂದಕ್ಕೊಂದು ದೂರವಾಗಿದ್ದವು. ಬೋಧಕ ತಲುಪಬೇಕಾಗಿದ್ದುದು ಕೊನೆಯದನ್ನು.

ಆರ್ಥರ್ ಕನ್ನಡದಲ್ಲಿ ಬೋಧಿಸುವಷ್ಟು ಭಾಷೆಯನ್ನು ಕಲಿತ. ಸಂತೆ, ಬೀದಿ, ಹಳ್ಳಿಯ ಕಟ್ಟೆಗಳಲ್ಲಿ ನಡೆದ ಬೋಧನೆ ಏಕಮುಖವಾದ ಉಪನ್ಯಾಸವಾಗಿರಲು ಸಾಧ್ಯವಿರಲಿಲ್ಲ. ಕೇಳುವವರು ಪ್ರಶ್ನಿಸುತ್ತಿದ್ದರು, ಮರುವಾದ ಹೂಡುತ್ತಿದ್ದರು. ಇಂಗ್ಲೆಂಡಿನ ಪೀಠದಲ್ಲಿ ನಿಂತ ಬೋಧಕನಿಗೆ ಮೌನವಾಗಿ ಆಲಿಸುವ ಸಭೆಯಿರುತ್ತದೆ; ಗುಬ್ಬಿಯ ಸಂತೆಯಲ್ಲಿ ಅಂತಹ ಸಭೆಯಿರಲಿಲ್ಲ. ಕರ್ಮ, ಜನ್ಮಾಂತರ, ಲಿಂಗಧಾರಣೆ, ಗುರುಭಕ್ತಿಗಳ ಪರಿಭಾಷೆಯಲ್ಲಿ ಯೋಚಿಸುವವರಿಗೆ ಪಾಪ, ಕ್ಷಮೆ, ರಕ್ಷಣೆ ಎಂಬ ಶಬ್ದಗಳು ಬೋಧಕ ಬಯಸಿದ ಅರ್ಥದಲ್ಲಿಯೇ ಕೇಳಿಸುತ್ತವೆಂದು ಹೇಳಲಾಗುವುದಿಲ್ಲ. ಭಾಷೆ ಕಲಿಯುವುದೆಂದರೆ ಶಬ್ದಗಳನ್ನು ಕಲಿಯುವುದಲ್ಲ, ಶಬ್ದಗಳ ಹಿಂದಿನ ಲೋಕವನ್ನು ಅರಿಯುವುದು. ಎರಡು ವರ್ಷಗಳಲ್ಲಿ ಇದು ಎಷ್ಟರಮಟ್ಟಿಗೆ ಸಾಧ್ಯವಾಯಿತು ಎಂಬುದಕ್ಕಿಂತ, ಇದು ಅಗತ್ಯ ಎಂಬ ಅರಿವು ಸಂತೆಯಲ್ಲಿ ನಿಂತವನಿಗೆ ತಪ್ಪಿಸಿಕೊಳ್ಳಲಾಗದ್ದು ಎಂಬುದು ಮುಖ್ಯ.

ಬಿಸಿಲು ಮತ್ತು ದುಡಿಮೆ ಆತನ ಆರೋಗ್ಯವನ್ನು ಕುಗ್ಗಿಸಿದವು. ಕಣ್ಣಿನ ತೊಂದರೆ ಉಲ್ಬಣಿಸಿತು. ಇಲ್ಲಿಯೇ ಉಳಿದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಭಯ ಎದುರಾದಾಗ 1841ರಲ್ಲಿ ಆತ ಇಂಗ್ಲೆಂಡಿಗೆ ಮರಳಬೇಕಾಯಿತು. ಆಗ ವಯಸ್ಸು ಇಪ್ಪತ್ತೆರಡು. ಜೀವಮಾನವನ್ನೆಲ್ಲ ಮುಡಿಪಾಗಿಡಲು ಹೊರಟ ಕೆಲಸ, ಭಾಷೆ ಕೈಹತ್ತುವ ಹೊತ್ತಿಗೆ ಮುಗಿದುಹೋಯಿತು. ಆತ ಮತ್ತೆ ಗುಬ್ಬಿಯಲ್ಲಿ ನೆಲೆಸಲಿಲ್ಲ.

ಮೈಸೂರನ್ನು ಕುರಿತ ಗ್ರಂಥ

ಮರಳಿದ ಆರ್ಥರ್ ತನ್ನ ಅನುಭವವನ್ನು ಎ ಮಿಶನ್ ಟು ದ ಮೈಸೂರ್ ಎಂಬ ಗ್ರಂಥವಾಗಿ 1847ರಲ್ಲಿ ಪ್ರಕಟಿಸಿದ. ಪ್ರವಾಸ ಕಥನ, ಮೈಸೂರಿನ ಚರಿತ್ರೆ, ಜನಜೀವನದ ವರ್ಣನೆ, ಧರ್ಮವಿಮರ್ಶೆ ಮತ್ತು ಮಿಶನ್ ಕೆಲಸಕ್ಕೆ ಬೆಂಬಲದ ಕೋರಿಕೆ ಇವೆಲ್ಲವೂ ಅದರಲ್ಲಿ ಬೆರೆತಿವೆ. ಇಂಗ್ಲೆಂಡಿನ ಓದುಗರನ್ನು ಉದ್ದೇಶಿಸಿದ ಬರಹವಾದುದರಿಂದ ಹಿಂದೂ ಧರ್ಮದ ಆಚರಣೆಗಳನ್ನು ಕೊರತೆಯ ರೂಪದಲ್ಲಿಯೇ ನೋಡುವ ಪ್ರವೃತ್ತಿ ಅದರಲ್ಲಿದೆ. ವಸಾಹತುಶಾಹಿ ಸಂಕಥನದ ಲಕ್ಷಣಗಳನ್ನು ಗುರುತಿಸುವವರಿಗೆ ಅಲ್ಲಿ ಧಾರಾಳ ಸಾಮಗ್ರಿ ಸಿಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಗ್ರಂಥದ ಇನ್ನೊಂದು ಮುಖ ತಪ್ಪಿಹೋಗುತ್ತದೆ. ರಾಜಧಾನಿ, ದಂಡು, ಅರಮನೆಗಳಿಂದ ದೂರದ ಒಂದು ಕನ್ನಡ ಪೇಟೆಯನ್ನು 1840ರ ಆಸುಪಾಸಿನಲ್ಲಿ ಒಳಗೆ ನಿಂತು ಕಂಡ ಬರಹಗಳು ನಮಗೆ ದೊರೆಯುವುದೇ ವಿರಳ. ಆ ದೃಷ್ಟಿಯಿಂದ ತುಮಕೂರು ಸೀಮೆಯ ಸ್ಥಳೀಯ ಚರಿತ್ರೆಗೆ ಈ ಕೃತಿ ಒಂದು ಆಕರ. ಅದರಲ್ಲಿಯ ತೀರ್ಮಾನಗಳನ್ನು ಬದಿಗಿಟ್ಟು ವಿವರಗಳನ್ನು ಬಳಸಿಕೊಳ್ಳುವ, ಬೋಧಕನ ಮಾತಿಗಿಂತ ಅವನಿಗೆ ಎದುರಾದ ಮಾತನ್ನು ಹುಡುಕುವ ಓದಿಗೆ ಅದು ಇಂದೂ ತೆರೆದಿದೆ. 1902ರಲ್ಲಿ, ಆರ್ಥರ್ ತೀರಿಕೊಂಡ ಮರುವರ್ಷ, ಮೈಸೂರಿನಲ್ಲಿ ದುಡಿದಿದ್ದ ಹೆನ್ರಿ ಹೇಗ್ ಇದನ್ನು ಟಿಪ್ಪಣಿಗಳೊಡನೆ ಮತ್ತೆ ಪ್ರಕಟಿಸಿದ ಎಂಬುದು ಕೃತಿಯ ಬಾಳಿಕೆಯನ್ನು ಸೂಚಿಸುತ್ತದೆ.

ಹೋಗುವವರನ್ನು ಸಿದ್ಧಪಡಿಸಿದವನು

ಆರ್ಥರ್‌ನ ಮುಂದಿನ ಬದುಕು ಬಹುಮಟ್ಟಿಗೆ ಯೂರೋಪಿನಲ್ಲಿಯೇ ನಡೆಯಿತು. 1846ರಿಂದ ಫ್ರಾನ್ಸಿನ ಬುಲೋನ್ ಮತ್ತು ಪ್ಯಾರಿಸ್‌ಗಳಲ್ಲಿ ಬೋಧಕನಾಗಿದ್ದ. 1848ರ ಕ್ರಾಂತಿಯನ್ನು ಪ್ಯಾರಿಸ್ಸಿನಲ್ಲಿದ್ದು ಕಂಡ. 1851ರಲ್ಲಿ ವೆಸ್ಲಿಯನ್ ಮಿಶನರಿ ಸಂಸ್ಥೆಯ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿ 1868ರವರೆಗೆ ಆ ಹೊಣೆಯನ್ನು ಹೊತ್ತ. ಬೆಂಗಳೂರಿಗೆ ಮೊದಲು ಬಂದಿದ್ದ ಎಲಿಜಾ ಹೂಲ್ ಅದೇ ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿ. ಹೊರದೇಶಗಳಿಗೆ ಬೋಧಕರನ್ನು ಆರಿಸಿ ಕಳಿಸುವ, ಅವರ ಪತ್ರಗಳಿಗೆ ಉತ್ತರಿಸುವ, ಅವರ ಕಷ್ಟಗಳನ್ನು ತೂಗಿನೋಡುವ ಕಚೇರಿಯಲ್ಲಿ ಕನ್ನಡ ನಾಡಿನ ಬಿಸಿಲನ್ನೂ ಭಾಷೆಯ ಕಷ್ಟವನ್ನೂ ಬಲ್ಲ ಇಬ್ಬರಿದ್ದರು ಎಂಬುದು ಸಣ್ಣ ಸಂಗತಿಯಲ್ಲ. 1858ರಲ್ಲಿ ಇದೇ ಸಂಸ್ಥೆಯ ಆಶ್ರಯದಲ್ಲಿ ಮಹಿಳಾ ಸಮಿತಿ ಆರಂಭವಾಗಿ ಶಿಕ್ಷಕಿಯರನ್ನು ಹೊರದೇಶಗಳಿಗೆ ಕಳಿಸತೊಡಗಿತು.

ಈ ಅವಧಿಯಲ್ಲಿಯೇ ಆರ್ಥರ್‌ಗೆ ಹೆಚ್ಚಿನ ಖ್ಯಾತಿ ತಂದ ದ ಟಂಗ್ ಆಫ್ ಫೈರ್ (1856) ಪ್ರಕಟವಾಯಿತು. ಅಗ್ನಿಜಿಹ್ವೆ ಎಂದು ಕನ್ನಡಿಸಬಹುದಾದ ಈ ಕೃತಿ ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಆಧರಿಸಿದ್ದು. ಪಂಚಾಶತ್ತಮ ದಿನದಂದು ಪ್ರಾರ್ಥನೆಯಲ್ಲಿ ಕಾಯುತ್ತಿದ್ದ ಶಿಷ್ಯರ ಮೇಲೆ ಬೆಂಕಿಯ ನಾಲಗೆಗಳಂತೆ ಪವಿತ್ರಾತ್ಮ ಇಳಿದು, ಅಲ್ಲಿ ನೆರೆದ ನಾನಾ ದೇಶದವರು ಬೋಧೆಯನ್ನು ತಂತಮ್ಮ ಭಾಷೆಯಲ್ಲಿ ಕೇಳಿದರೆಂಬ ಪ್ರಸಂಗ ಅದು. ಸಭೆಯ ಬಲ ಹಣದಲ್ಲಿಲ್ಲ, ಸಂಘಟನೆಯಲ್ಲಿಲ್ಲ, ವಾಗ್ಮಿತೆಯಲ್ಲಿಲ್ಲ. ಪ್ರಾರ್ಥನೆಯಲ್ಲಿ ಕಾಯುವವರಿಗೆ ದೊರೆಯುವ ಆತ್ಮಶಕ್ತಿಯಲ್ಲಿದೆ ಎಂಬುದು ಕೃತಿಯ ನಿಲುವು. ಅನೇಕ ಆವೃತ್ತಿಗಳನ್ನು ಕಂಡ ಈ ಪುಸ್ತಕವನ್ನು ಬ್ರಿಟನ್ ಮತ್ತು ಅಮೆರಿಕದಲ್ಲಿ ಪಂಥಭೇದವಿಲ್ಲದೆ ಬೋಧಕರು ಓದಿದರು.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಪಂಚಾಶತ್ತಮದ ಪ್ರಸಂಗದಲ್ಲಿ ಭಾಷೆ ಒಂದು ಕ್ಷಣದಲ್ಲಿ ಬರುವ ವರ. ಗುಬ್ಬಿಯಲ್ಲಿ ಅದು ತಿಂಗಳುಗಟ್ಟಲೆ ಬೆವರಿಳಿಸಿ ಗಳಿಸಬೇಕಾದ ವಿದ್ಯೆ. ಎರಡನ್ನೂ ಬಲ್ಲವನು ಬರೆದ ಪುಸ್ತಕವಾಗಿ ಈ ಕೃತಿಯನ್ನು ಓದಿದಾಗ ಅದರ ತಿರುಳು ಸ್ಪಷ್ಟವಾಗುತ್ತದೆ. ಕೇಳುವವನ ಸ್ವಂತ ಭಾಷೆಯಲ್ಲಿ ತಲುಪದ ಬೋಧೆ ಬೋಧೆಯೇ ಅಲ್ಲ ಎಂಬುದು ವರಕ್ಕೂ ವಿದ್ಯೆಗೂ ಸಮಾನವಾದ ತತ್ತ್ವ. ಹಾಕ್ಸ್‌ಟನ್ನಿನ ಕಾಲದ ಪ್ರಾರ್ಥನೆಯೋ ತರಬೇತಿಯೋ ಎಂಬ ಪ್ರಶ್ನೆಗೆ ಆರ್ಥರ್‌ನ ಬದುಕು ಕೊಟ್ಟ ಉತ್ತರವೂ ಇದರಲ್ಲಿಯೇ ಇದೆ. ಲೇಖಕನಾಗಿ ಆತ ಪ್ರಾರ್ಥನೆಯ ಪಕ್ಷವನ್ನು ಎತ್ತಿಹಿಡಿದ; ಆಡಳಿತಗಾರನಾಗಿ ತರಬೇತಿಯ ಸಂಸ್ಥೆಗಳನ್ನು ಬಲಪಡಿಸುವುದರಲ್ಲಿ ತೊಡಗಿದ. ಇವುಗಳನ್ನು ಆತ ವಿರೋಧಗಳೆಂದು ಭಾವಿಸಲಿಲ್ಲ.

1866ರಲ್ಲಿ ಆರ್ಥರ್ ಬ್ರಿಟನ್ನಿನ ವೆಸ್ಲಿಯನ್ ಸಭೆಯ ಅಧ್ಯಕ್ಷನಾದ. 1868ರಲ್ಲಿ ಬೆಲ್‌ಫಾಸ್ಟಿನಲ್ಲಿ ಮೆಥಡಿಸ್ಟ್ ಕಾಲೇಜು ಆರಂಭವಾದಾಗ ಅದರ ಮೊದಲ ಮುಖ್ಯಸ್ಥನಾಗಿ 1871ರವರೆಗೆ ಕೆಲಸ ಮಾಡಿದ. ಶಾಲಾ ಶಿಕ್ಷಣದ ಜೊತೆಗೆ ಐರ್ಲೆಂಡಿನ ಬೋಧಕರ ತರಬೇತಿಯೂ ಆ ಕಾಲೇಜಿನ ಉದ್ದೇಶವಾಗಿತ್ತು. ಕಣ್ಣಿನ ಜೊತೆಗೆ ಕಂಠದ ತೊಂದರೆಯೂ ಆತನನ್ನು ಬಹುಕಾಲ ಕಾಡಿತು. ಬೋಧಕರಿಗೆ ಅಗ್ನಿಜಿಹ್ವೆಯನ್ನು ಕುರಿತು ಬರೆದವನಿಗೆ ಪೀಠದಲ್ಲಿ ನಿಂತು ಮಾತನಾಡುವುದೇ ಕಷ್ಟವಾದಾಗ ಬರವಣಿಗೆಯೇ ಆತನ ಮುಖ್ಯ ಮಾಧ್ಯಮವಾಯಿತು. 1888ರಲ್ಲಿ ನಿವೃತ್ತನಾಗಿ ಫ್ರಾನ್ಸಿನ ದಕ್ಷಿಣಭಾಗದಲ್ಲಿ ನೆಲೆಸಿ, 1901ರ ಮಾರ್ಚ್ 9ರಂದು ಕಾನ್ ಪಟ್ಟಣದಲ್ಲಿ ಮರಣಹೊಂದಿದ.

ಗುಬ್ಬಿಯಲ್ಲಿ ಉಳಿದದ್ದು

ಆರ್ಥರ್ ಹೋದ ಮೇಲೆಯೂ ಗುಬ್ಬಿಯ ಠಾಣೆ ಮುಂದುವರಿಯಿತು. ಕೆಲಸ ತುಮಕೂರು, ಕುಣಿಗಲ್ ಕಡೆಗೂ ಹಬ್ಬಿತು. ವೆಸ್ಲಿಯನ್ನರ ಬೆಂಗಳೂರು ಮುದ್ರಣಾಲಯದಿಂದ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದ ಜೈಮಿನಿ ಭಾರತ (1852), ಆತನೇ ವಿಸ್ತರಿಸಿದ ರೀವ್ ನಿಘಂಟು (1858) ಹೊರಬಂದವು. ಗುಬ್ಬಿಯ ಕನ್ನಡ ಕ್ರೈಸ್ತನೊಬ್ಬನ ಜೀವನವನ್ನೂ ಆ ಸೀಮೆಯ ಹಳ್ಳಿಯ ಬದುಕನ್ನೂ ಕುರಿತು ಹಾಡ್ಸನ್ 1877ರಲ್ಲಿ ಓಲ್ಡ್ ಡೇನಿಯಲ್ ಎಂಬ ಪುಸ್ತಕವನ್ನು ಬರೆದ. ಆರ್ಥರ್‌ನ ಗ್ರಂಥದ ಜೊತೆಗಿಟ್ಟು ನೋಡಿದಾಗ ಈ ಕೃತಿಯ ವ್ಯತ್ಯಾಸ ಗಮನಾರ್ಹವಾಗಿದೆ. ಮೊದಲನೆಯದರಲ್ಲಿ ಕೇಂದ್ರವ್ಯಕ್ತಿ ಹೊರಗಿನಿಂದ ಬಂದ ಬೋಧಕ. ಎರಡನೆಯದರಲ್ಲಿ ಸ್ಥಳೀಯ ವ್ಯಕ್ತಿ. ಮೂವತ್ತು ವರ್ಷಗಳ ಅಂತರದಲ್ಲಿ ಮಿಶನರಿಯ ಕಣ್ಣು ತನ್ನಿಂದ ಸ್ಥಳೀಯನ ಕಡೆಗೆ ಹೊರಳಿತ್ತು.

ಈ ಹೊರಳುವಿಕೆಯ ಸಾಂಸ್ಥಿಕ ರೂಪವನ್ನು ಕಾಣಲು ಇಪ್ಪತ್ತನೆಯ ಶತಮಾನಕ್ಕೆ ಬರಬೇಕು. ಬೇರೆ ಬೇರೆ ಮಿಶನ್‌ಗಳು ಕೂಡಿ ಕನ್ನಡ ಬೋಧಕರ ತರಬೇತಿಗೆಂದು ನಡೆಸಿದ ಯೂನಿಯನ್ ಕೆನರೀಸ್ ಸೆಮಿನರಿ ಇದ್ದದ್ದು ತುಮಕೂರಿನಲ್ಲಿಯೇ, ಗುಬ್ಬಿಗೆ ಅರ್ಧ ದಿನದ ಎತ್ತಿನ ಗಾಡಿಯ ದಾರಿಯಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯನ್ ಮೂಲದ ಸಭೆಗಳು ಅದರಲ್ಲಿ ಸೇರಿದವು. 1965ರಲ್ಲಿ ತುಮಕೂರಿನ ಸೆಮಿನರಿ ಮತ್ತು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿ ಒಂದಾಗಿ ಮಂಗಳೂರಿನಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸ್ಥಾಪನೆಯಾಯಿತು. ಇದನ್ನು ಆರ್ಥರ್‌ನ ಕೆಲಸದ ನೇರ ಫಲವೆಂದು ಹೇಳುವುದು ಸರಿಯಾಗಲಾರದು. ಇದರ ಹಿಂದೆ ಅನೇಕರ, ಮುಖ್ಯವಾಗಿ ಕನ್ನಡ ಬೋಧಕರ ದುಡಿಮೆಯಿದೆ. ಆದರೆ ಒಂದು ದಿಕ್ಕಿನ ಬದಲಾವಣೆ ಸ್ಪಷ್ಟ. 1839ರಲ್ಲಿ ಕನ್ನಡ ಬಾರದ ಬೋಧಕ ಹೊರದೇಶದಿಂದ ಬಂದು ಗುಬ್ಬಿಯಲ್ಲಿ ಕಲಿಯಬೇಕಾಗಿತ್ತು. ಮುಂದಿನ ಶತಮಾನದಲ್ಲಿ ಅದೇ ಸೀಮೆ ಕನ್ನಡದ ಬೋಧಕರನ್ನು ಸಿದ್ಧಪಡಿಸುವ ಸ್ಥಳವಾಯಿತು.

ಸಮಾರೋಪ

ಮತಾಂತರದ ಸಂಖ್ಯೆಯಿಂದ ಅಳೆದರೆ ಆರ್ಥರ್‌ನ ಗುಬ್ಬಿಯ ಅಧ್ಯಾಯ ಅಲ್ಪವಾದದ್ದು. ಕನ್ನಡ ಗ್ರಂಥಗಳಿಂದ ಅಳೆದರೆ ಅಲ್ಲಿ ಏನೂ ಇಲ್ಲ. ಆದರೆ ಸಂಸ್ಕೃತಿಗಳ ಮುಖಾಮುಖಿಯಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡು ಚರಿತ್ರೆ ಬರೆಯುವ ಅಭ್ಯಾಸವನ್ನು ಆತನ ಬದುಕು ಪ್ರಶ್ನಿಸುತ್ತದೆ. ಮಿಶನರಿಗಳನ್ನು ಕನ್ನಡಕ್ಕೆ ಕೊಟ್ಟವರೆಂದು ಹೊಗಳುವ ಬರಹಗಳೂ, ವಸಾಹತುಶಾಹಿಯ ಅಂಗವೆಂದು ತಳ್ಳಿಹಾಕುವ ಬರಹಗಳೂ ಗುಬ್ಬಿಯ ಸಂತೆಯ ಜನರನ್ನು ಬರಿಯ ಕೇಳುಗರನ್ನಾಗಿ ಮಾಡುತ್ತವೆ. ಆ ಜನ ಪ್ರಶ್ನಿಸಿದರು, ತಿದ್ದಿದರು, ಭಾಷೆ ಕಲಿಸಿದರು. ಒಬ್ಬ ಯುವಕನನ್ನು ಬೇರೊಬ್ಬನಾಗಿ ಕಳಿಸಿದರು. ಆತನ ಗ್ರಂಥದಲ್ಲಿ ಅವರ ಮಾತು ಅವರ ಭಾಷೆಯಲ್ಲಿ ಉಳಿದಿಲ್ಲ, ಅವರ ಹೆಸರುಗಳೂ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮಠಗಳ, ಸಭೆಗಳ, ಮನೆತನಗಳ ದಾಖಲೆಗಳನ್ನು ಮಿಶನರಿ ಗ್ರಂಥಗಳ ಎದುರಿಗಿಟ್ಟು ಓದುವ ಕೆಲಸ ನಡೆದಾಗ ಆ ಎರಡು ವರ್ಷಗಳ ಕಥೆಯನ್ನು ಕಲಿಸಿದವರ ಕಡೆಯಿಂದಲೂ ಹೇಳಲು ಸಾಧ್ಯವಾದೀತು.